ಮಾಲಕರಾಗಿದ್ದರೆ ಒಂದನ್ನು ಒತ್ತಿ

ಫೋನು ಮತ್ತೆ ಬಡಿದುಕೊಳ್ಳತೊಡಗಿತು. ದೇವಿಂದ್ರ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಕಣ್ಣಂಚಿನಲ್ಲಿ ನೋಡಿದ: ‘ಮಾಲಕ’. ಟೆಂಪೊದ ಹಿಂದೆ ಸೇಡಂ ಗಿರಾಕಿಗೆ ಒಯ್ಯಬೇಕಾದ ಶಹಾಬಾದಿನ ಪರ್ಸಿ, ನೆಲಕ್ಕೆ ಹಾಸುವ ಕಲ್ಲು; ಪಕ್ಕದಲ್ಲಿ ಸೇಡಂನ ಮನೆಗೆ ಹೊರಟಿದ್ದ ಮಾಲಕರ ಆಫೀಸಿನ ಹುಡುಗಿ ಲುಂಬಿನಿ.

“ಎತ್ತಂಗಿಲ್ಲೇನಣ್ಣಾ?” ಎಂದಳು.

“ಹ್ಯಾಂಗ ಎತ್ಲಿ ತಂಗಿ? ಗಾಡಿ ನಡದಾಗ ಫೋನ್ ಎತ್ತಿದವನ ಕೀಲಿ ಕಸೀತೀನಿ ಅಂತ ಅವ್ರೇ ಹೇಳ್ಯಾರ. ನಿನ್ನಿ ಎತ್ತಲಿಲ್ಲ. ಮಾಲಕನ ಫೋನ್ ಎತ್ತಲಾರದಷ್ಟು ಸೊಕ್ಕು ಬಂತೇನಲೇ ಅಂದ್ರು.”

ಚಂದ್ರಾಮ ಮಾಲಕರ ಪಾಲಿಗೆ ದೇವಿಂದ್ರ ಎತ್ತಿದರೆ ಕತ್ತೆ, ಎತ್ತದಿದ್ದರೆ ಎತ್ತು. ರಸ್ತೆ ಸುರಕ್ಷತೆಗೆಂದು ಅವರು ಡ್ರೈವರುಗಳಿಗೆ ಕೊಟ್ಟದ್ದು ಒಂದು ಭಾಷಣ, ಗಾಜಿಗೊಂದು ಸ್ಟಿಕರ್. ಕೊಡದೇ ಇದ್ದದ್ದು ಟೈರು. ಮುಂದಿನ ಎರಡೂ ಟೈರು ಸವೆದು, ಪಾಲಿಶ್ ಹಿಡಿದ ಪರ್ಸಿಗಿಂತ ನುಣ್ಣಗಾಗಿದ್ದವು. ತಿರುವು ಬಂದಾಗಲೆಲ್ಲ ಟೆಂಪೊಗಿಂತ ಮೊದಲು ದೇವಿಂದ್ರನ ಜೀವ ಜಾರುತ್ತಿತ್ತು. ಹೇಳಿದರೆ ಮಾಲಕರು ತಲೆ ಸವರಿಕೊಂಡು, “ಬೋಳ ಆದ್ರ ಏನಾತಲೇ? ನನ್ನ ತಲಿನೂ ಬೋಳ ಅದ, ನಡ್ಯಾಕತ್ತಿಲ್ಲೇನು?” ಅನ್ನುತ್ತಿದ್ದರು.

ಲುಂಬಿನಿ ಫೋನು ಕೈಗೆತ್ತಿಕೊಂಡು ಸ್ಪೀಕರಿಗೆ ಹಾಕಿದಳು. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರಿಂದ ಹಿಡಿದು ವಾಡಿ ಸ್ಟೇಷನ್ನಿನ ಅನೌನ್ಸ್‌ಮೆಂಟಿನವರೆಗೆ ಎಲ್ಲರ ದನಿ ಕದ್ದವಳು. ಗಂಟಲು ಸರಿಮಾಡಿಕೊಂಡಳು.

“ನೀವು ಕರೆ ಮಾಡಿರುವ ಚಂದಾದಾರರು ವಾಹನ ಚಲಾಯಿಸುತ್ತಿದ್ದಾರೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.”

ದೇವಿಂದ್ರ ಬೆಚ್ಚಿದ. ಅಷ್ಟು ಶುದ್ಧ ಕನ್ನಡ ಅವನ ಟೆಂಪೊ ಹತ್ತಿದ್ದು ಅದೇ ಮೊದಲು.

“ಏ ತಾಯಿ, ನಾ ಅವನ ಮಾಲಕ ಇದ್ದೀನಿ!” ಫೋನು ಗುಡುಗಿತು. “ಗಿರಾಕಿ ನನ್ನ ಜೀವ ತಿನ್ನಾಕತ್ತಾನ. ಎಲ್ಲಿ ಸತ್ತಾನ ಅಂತ ನೋಡಾಕ ನಾನೇ ಸೇಡಂ ಬಿಟ್ಟು ಎದುರು ಬರಾಕತ್ತೀನಿ!”

“ಮಾಲಕರಾಗಿದ್ದರೆ ಒಂದನ್ನು ಒತ್ತಿ.”

ಟೂಂಯ್.

“ಸಿಟ್ಟಿನಲ್ಲಿದ್ದರೆ ಎರಡನ್ನು ಒತ್ತಿ.”

ಟೂಂಯ್ ಟೂಂಯ್ ಟೂಂಯ್.

“ಚಾಲಕರಿಗೆ ಊಟದ ನಂತರ ಅರ್ಧ ತಾಸು ವಿಶ್ರಾಂತಿ ನೀಡಲು ಮೂರನ್ನು ಒತ್ತಿ.”

“ಇದೇನ್ ಸರಕಾರಿ ಸ್ಕೀಮೇನಬೇ?” ಎಂದು ಗೊಣಗಿದರೂ ಮಾಲಕರು ಒತ್ತಿದರು.

ತುಟಿ ಕಚ್ಚಿ ನಗು ತಡೆದುಕೊಂಡಿದ್ದ ದೇವಿಂದ್ರನ ಮುಖ ಒಮ್ಮೆಲೇ ಗಂಭೀರವಾಯಿತು. “ತಂಗಿ, ಟೈರ್,” ಎಂದು ಪಿಸುಗುಟ್ಟಿದ. “ನಿನ್ನ ಕೈ ಮುಗೀತೀನಿ, ಟೈರ್ ಕೇಳು.”

“ಟೆಂಪೊದ ಮುಂದಿನ ಎರಡು ಟೈರುಗಳನ್ನು ಬದಲಿಸಲು ನಾಲ್ಕನ್ನು ಒತ್ತಿ.”

ಮಾಲಕರ ಉಸಿರು ಕೇಳಿಸಿತು. ಕಾರಿನ ಹಾರ್ನು ಕೇಳಿಸಿತು. ಟೂಂಯ್ ಮಾತ್ರ ಕೇಳಿಸಲಿಲ್ಲ.

“ದಯವಿಟ್ಟು ನಾಲ್ಕನ್ನು ಒತ್ತಿ.”

“ತಡಿಯವ್ವಾ, ಹುಡುಕಾಕತ್ತೀನಿ. ಒಂದ್ ಕೈಯಾಗ ಸ್ಟೇರಿಂಗ್ ಅದ, ಚಷ್ಮಾ ಮನ್ಯಾಗ ಅದ...”

ಅಷ್ಟರಲ್ಲಿ ತೊಗರಿ ಹೊಲದ ಮಗ್ಗುಲಿನ ತಿರುವಿನಿಂದ ಮಾಲಕರ ಬಿಳಿ ಕಾರು ಹೊರಬಿತ್ತು. ಅದು ರಸ್ತೆಯ ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ನಾಲ್ಕನ್ನು ಹುಡುಕುತ್ತ ನಾಲ್ಕೂ ದಿಕ್ಕಿಗೆ ಬರುತ್ತಿತ್ತು.

“ವಾಹನ ಚಲಾಯಿಸುತ್ತಿದ್ದರೆ ದಯವಿಟ್ಟು ಬ್ರೇಕ್ ಒತ್ತಿ!” ಎಂದಳು ಲುಂಬಿನಿ. ಶುದ್ಧ ಕನ್ನಡ ಅಲ್ಲೇ ಗಾಡಿ ಇಳಿದು ಓಡಿತು. “ಯವ್ವಾ! ಬ್ರೇಕ್ ಒತ್ರೀ! ಬ್ರೇಕ್!”

ಮಾಲಕರು ಒತ್ತಿದರು. ದೇವಿಂದ್ರನೂ ಒತ್ತಿದ. ಕಾರು ರಸ್ತೆ ನಡುವೆ ಗಕ್ಕನೆ ನಿಂತಿತು. ಟೆಂಪೊ ನಿಲ್ಲಲಿಲ್ಲ. ಕಲ್ಲಿನ ಭಾರ ಹೊತ್ತು, ಬೋಳು ಟೈರಿನ ಮೇಲೆ, ಸಾಬೂನು ನೀರಿನಲ್ಲಿ ಕಾಲಿಟ್ಟವರ ಹಾಗೆ ಜಾರುತ್ತ, ಜಾರುತ್ತ ಬಂದು ಕಾರಿನ ಮೂತಿಗೆ ಒಂದು ಗೇಣು ಉಳಿದಾಗ ನಿಂತಿತು.

ಲುಂಬಿನಿ ಫೋನು ಹಿಡಿದೇ ಸೀಟಿನ ಕೆಳಗೆ ಕುಕ್ಕರಿಸಿದ್ದಳು. ದೇವಿಂದ್ರ ಇಳಿದು ಓಡಿದ. “ಮಾಲಕ್ರೇ! ಏನೂ ಆಗಿಲ್ಲಲ್ರಿ?”

ಮಾಲಕರಿಗೆ ಏನೂ ಆಗಿರಲಿಲ್ಲ. ಬೋಳು ತಲೆಯ ಮೇಲೆ ಬೆವರಿನ ಹನಿಗಳು ನಿಂತಲ್ಲಿ ನಿಲ್ಲದೆ ಜಾರುತ್ತಿದ್ದವು. ಕಣ್ಣು ಎದುರಿನ ಟೈರಿನ ಮೇಲಿತ್ತು, ಫೋನು ಮತ್ತೆ ಕಿವಿಗೆ ಹೋಗಿತ್ತು. ಮತ್ತೊಂದು ಕೈ ಎತ್ತಿ ದೇವಿಂದ್ರನನ್ನು ತಡೆದರು.

“ಸುಮ್ನಿರಲೇ. ಮೇಡಂ ಲೈನಿನ್ಯಾಗ ಅದಾರ.”

ಆಮೇಲೆ ಫೋನಿಗೆ, ಹುಟ್ಟಿದಾಗಿನಿಂದ ಯಾರಿಗೂ ಬಳಸದ ಮೆತ್ತನೆಯ ದನಿಯಲ್ಲಿ ಕೇಳಿದರು:

“ಮೇಡಂ, ಟೈರಿಂದು ಎಷ್ಟನೇ ನಂಬರ್ ಅಂದ್ರಿ?”