ದಿವಾಣಖಾನೆಯ ಹತ್ತೊಂಬತ್ತು ಆಟಿಕೆ

ಪರದೆಯ ಸಂದಿಯಿಂದ ಶಾಮಲಾಬಾಯಿ ಕಣ್ಣಾರೆ ನೋಡಿದಳು. ಅಡುಗೆಯ ಗೋದಾ ಆಟಿಕೆಯ ಟ್ರಂಕಿನ ಮುಂದೆ ಕೂತಿದ್ದಳು. ಒಂದು ಕೈ ಟ್ರಂಕಿನೊಳಗೆ, ಇನ್ನೊಂದು ಸೆರಗಿನ ಮರೆಯಲ್ಲಿ. ಬಾಗಿಲ ಕಡೆ ಒಮ್ಮೆ ನೋಡಿ, ಮುಚ್ಚಳ ಹಾಕಿ, ಗಡಬಡಿಸಿ ಎದ್ದುಹೋದಳು.

ಕೈಗೆ ಸಿಕ್ಕಳು ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತಾನೇ ಕದ್ದು ಸಿಕ್ಕವಳ ಹಾಗೆ ಶಾಮಲಾಬಾಯಿಯ ಎದೆ ಹೊಡೆದುಕೊಂಡಿತು.

ಸದಾಶಿವ ಪೇಟೆಯ ಆ ದಿವಾಣಖಾನೆಯಲ್ಲಿ ಮೂರು ವರ್ಷದ ಅವಧೂತನ ಆಟಿಕೆಗಳಿಗೆ ಇದ್ದ ಶಿಸ್ತು, ಯಜಮಾನ ಬಾಳಕೃಷ್ಣರಾಯರ ಮಿಲಿಟರಿ ಕಚೇರಿಯಲ್ಲೂ ಇರಲಿಕ್ಕಿಲ್ಲ. ಗೋಕಾಕದ ಮರದ ಗಿಳಿ, ಮರದ ಹಣ್ಣು ಗೋಡೆಯ ಗೂಡಿಗೆ. ತಗಡಿನ ಮೋಟಾರು, ಕೀಲಿ ಕೊಟ್ಟರೆ ಕುಣಿಯುವ ಕೋತಿ ಟ್ರಂಕಿಗೆ. ದೀಪಾವಳಿಗೆ ಮಕ್ಕಳು ಅಂಗಳದಲ್ಲಿ ಕಟ್ಟುವ ಆಟದ ಕೋಟೆಗೆಂದು ತಂದ ಮಣ್ಣಿನ ಸಿಪಾಯಿಗಳು ಹುಲ್ಲು ಹಾಸಿದ ಬುಟ್ಟಿಗೆ. ಒಟ್ಟು ಹತ್ತೊಂಬತ್ತು. ಒಂದೊಂದನ್ನೂ ಶಾಮಲಾಬಾಯಿಯೇ ಆರಿಸಿ ತಂದದ್ದು. ಹನ್ನೆರಡು ವರ್ಷ ಕಂಡ ದೇವರಿಗೆಲ್ಲ ಹರಕೆ ಹೊತ್ತು, ಕೊನೆಗೆ ಧಾರವಾಡಕ್ಕೆ ಹೋಗಿ ಆರು ತಿಂಗಳಿದ್ದು, ಕೂಸನ್ನು ಎತ್ತಿಕೊಂಡು ಬಂದವಳು. ಅಂಥವಳು ಆಟಿಕೆ ಎಣಿಸಿಟ್ಟರೆ ಯಾರೇನು ಅಂದಾರು?

ಗೋದಾ ಬಂದು ಒಂದು ವರ್ಷವಾಗಿತ್ತು. ಇಪ್ಪತ್ನಾಲ್ಕರ ಹುಡುಗಿ. ಬೋಳಿಸಿದ ತಲೆಯ ಮೇಲೆ ವಿಧವೆಯರ ಕೆಂಪು ಸೀರೆಯ ಸೆರಗು, ಕಂಕುಳಲ್ಲಿ ಒಂದೇ ಗಂಟು. ಧಾರವಾಡದಲ್ಲಿ ಗಂಡನ ಅಣ್ಣ ಮನೆಯಿಂದ ಹೊರಗೆ ಹಾಕಿದ್ದ. ಇಲ್ಲಿಂದಲೂ ಕಳಿಸಿದರೆ ಅವಳಿಗೆ ಬೀದಿಯೇ ಗತಿ. ಬಾಗಿಲಲ್ಲಿ ನಿಂತವಳನ್ನು ನೋಡಿ ರಾಯರು ಹೆಂಡತಿಗೆ ಮೆಲ್ಲಗೆ ಹೇಳಿದ್ದರು:

“ಇರ್ಲಿ ಬಿಡು. ಬ್ಯಾಡ ಅನ್ನೋ ಮುಖ ನಮಗ ಎಲ್ಲಿ ಅದ?”

ಶಾಮಲಾಬಾಯಿ ಕರಾರು ಹಾಕಿ ಒಳಗೆ ಕರೆದಳು. ಕೂಸನ್ನು ಮುಟ್ಟುವಂತಿಲ್ಲ, ಕೂಸಿಗೆ ಏನೂ ಕೊಡುವಂತಿಲ್ಲ. ಮಡಿಯಲ್ಲಿ ಅಡುಗೆ ಮಾಡುವವಳು, ಕೂಸು ಓಡಿಬಂದು ತಬ್ಬಿದರೆ ಮಡಿ ಕೆಟ್ಟಂತೆಯೇ, ಸರಿ ಎಂದು ಅದೇ ವಾಡೆಯ ಬೇರೆ ಬೇರೆ ಬಿಡಾರಗಳ ಹೆಂಗಸರೆಲ್ಲ ತಲೆಯಾಡಿಸಿದರು. ಆದರೆ ಊಟ ಮುಗಿದು, ಮಡಿ ಬಿಟ್ಟು, ಒಲೆ ಸಾರಿಸಿದ ಮೇಲೂ ಆ ಕಟ್ಟು ಸಡಿಲಾಗುತ್ತಿರಲಿಲ್ಲ. ಶಾಮಲಾಬಾಯಿಯ ಮಡಿಗೆ ಹೊತ್ತುಗೊತ್ತಿಲ್ಲ ಎಂದು ಅವರೇ ನೀರಿನ ನಲ್ಲಿಯ ಹತ್ತಿರ ಆಡಿಕೊಂಡು ನಕ್ಕರು.

ಅವಧೂತ ಅಡುಗೆಮನೆಗೆ ಓಡಿದರೆ ಗೋದಾ ತಾನೇ ಹಿಂದೆ ಸರಿದು ಗೋಡೆಗೆ ಅಂಟಿಕೊಳ್ಳುತ್ತಿದ್ದಳು. ಅದನ್ನು ನೋಡಿ ನೋಡಿ ಒಂದು ದಿನ ಶಾಮಲಾಬಾಯಿಯೇ ಈ ಕೆಲಸ ಕೊಟ್ಟಳು. ಮಧ್ಯಾಹ್ನ ಕೂಸು ಮಲಗಿದಾಗ ಆಟಿಕೆ ಒರೆಸಿ ಜೋಡಿಸಿಡುವುದು. ಗೋದಾ ಒಂದು ಗಿಳಿಯನ್ನು ಒರೆಸಲು ಕಾಲು ಗಂಟೆ ಹಿಡಿಯುತ್ತಿದ್ದಳು. ಶಾಮಲಾಬಾಯಿ ಅದಕ್ಕೆ ಎಂದೂ ಬೈಯಲಿಲ್ಲ.

ಈಗ ನೋಡಿದರೆ ಹೀಗೆ. ರಾಯರು ಆರಾಮಕುರ್ಚಿಯಲ್ಲಿ ಪತ್ರಿಕೆ ಹಿಡಿದಿದ್ದರು. ಶಾಮಲಾಬಾಯಿ ಹತ್ತಿರ ಹೋಗಿ ಹೇಳಿದಳು:

“ಆಕಿ ಟ್ರಂಕಿನಾಗಿಂದ ಏನೋ ತಗೊಂಡ್ಳು ರೀ.”

“ತಗೊಂಡಿದ್ರ ತಗೊಳ್ಳಿ. ನೀ ಸುಮ್ನಿರು.”

“ಆಟಿಗಿ ಹೋದ್ರ ಹೋಗ್ಲಿ. ಆಟಿಗಿದಷ್ಟೇ ಅಂಜಿಕಿ ಅಲ್ಲ ನನಗ.”

ರಾಯರು ಪತ್ರಿಕೆ ಇಳಿಸಲಿಲ್ಲ. ಪುಟವನ್ನೂ ತಿರುವಲಿಲ್ಲ.

ಶಾಮಲಾಬಾಯಿ ತಾನೇ ಹೋಗಿ ಗೂಡು, ಬುಟ್ಟಿ, ಟ್ರಂಕು ಎಲ್ಲವನ್ನೂ ಜಮಖಾನೆಯ ಮೇಲೆ ಬರಿದು ಮಾಡಿದಳು. ಹದಿನೆಂಟು ಬರುತ್ತದೆ, ಗೋದಾಳನ್ನು ಕರೆದು ಕೇಳುತ್ತೇನೆ, ಗಂಟು ಕಟ್ಟು ಎನ್ನುತ್ತೇನೆ, ನನ್ನ ಮನೆಯಲ್ಲಿ ನಾನು ನಿಶ್ಚಿಂತೆಯಿಂದ ಇರುತ್ತೇನೆ. ಒಳಗೊಳಗೇ ಹಾಗೆ ಆಸೆಪಡುತ್ತಿರುವುದು ತಿಳಿದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

ಇಪ್ಪತ್ತು.

ಟ್ರಂಕಿನ ತಳದಲ್ಲಿದ್ದದ್ದು ಅಂಗೈಯಗಲದ ಬಟ್ಟೆಯ ಆನೆ. ಕಪ್ಪು ದಾರದ ಕಣ್ಣು, ಹತ್ತಿ ತುಂಬಿದ ಹೊಟ್ಟೆ. ಬಟ್ಟೆ ಮಾಸಿದ ಕೆಂಪು. ಆ ಕೆಂಪು ಉಡುವವಳು ಮನೆಯಲ್ಲಿ ಒಬ್ಬಳೇ.

“ಗೋದಾ.”

ಗೋದಾ ಬಂದು ಬಾಗಿಲಲ್ಲಿ ನಿಂತಳು. ಆನೆಯನ್ನು ನೋಡಿದಳು.

“ಏನೂ ಕೊಡಬಾರದು ಅಂತ ಮಾತಾಗಿತ್ತೋ ಇಲ್ಲೋ?”

“ಆಗಿತ್ರಿ, ವೈನಿ.”

“ಮತ್ತ?”

“ನಾ ಕೊಡಲಿಲ್ರಿ. ಬರೇ ಇಟ್ಟೆ.” ಅವಳ ದನಿ ಕೇಳಿಸಿದರೆ ಕೇಳಿಸಿತು ಎನ್ನುವಷ್ಟೇ ಇತ್ತು. “ಇಪ್ಪತ್ತರಾಗ ಒಂದು. ಆಡಿದ್ರ ಆಡ್ಲಿ, ಇಲ್ಲಂದ್ರ ಇಲ್ಲ. ತಪ್ಪಾತ್ರಿ. ನನ್ನ ಕಳಸಬ್ಯಾಡ್ರಿ.”

ಶಾಮಲಾಬಾಯಿಗೆ ಬೈಯಬೇಕೆಂದು ಬಾಯಿ ತೆರೆದಾಗ ಬಂದದ್ದು ಅಳು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಅವಧೂತ ಕಣ್ಣುಜ್ಜುತ್ತ ಎದ್ದುಬಂದ. ಜಮಖಾನೆಯ ಮೇಲೆ ಹರಡಿದ್ದನ್ನೆಲ್ಲ ದಾಟಿ, ಮೋಟಾರು ಒದ್ದು, ಸೀದಾ ಆನೆಯನ್ನು ಎತ್ತಿಕೊಂಡ. ಕೆನ್ನೆಗೆ ಒತ್ತಿಕೊಂಡ.

“ಅವ್ವಾ, ಇದನ್ನ ಯಾರು ಮಾಡ್ಯಾರ?”

ರಾಯರು ಪತ್ರಿಕೆ ಇಳಿಸಿದರು. ಗೋದಾ ಚೌಕಟ್ಟು ಹಿಡಿದು ನಿಂತೇ ಇದ್ದಳು. ನಿಜ ಹೇಳಲು ಒಂದೇ ಹೆಸರು ಸಾಕಿತ್ತು.

“ನಾನೇ ಮಾಡೀನಿ, ಕಂದಾ. ನನ್ನದು,” ಎಂದಳು ಶಾಮಲಾಬಾಯಿ.

ಅವಧೂತ ನಂಬದವನಂತೆ ಬಾಗಿಲ ಕಡೆ ತಿರುಗಿದ. ಗೋದಾ ನಕ್ಕಳು.

“ಹೌದಪಾ. ನಿಮ್ಮ ಅವ್ವನೇ ಮಾಡ್ಯಾರ,” ಎಂದು ಒಲೆಯ ಕಡೆ ಹೋದಳು.

ಮೂರು ವರ್ಷದ ಹಿಂದೆ, ನಿನ್ನದೇ ಏನವ್ವಾ ಎಂದು ಹುಬ್ಬೇರಿಸಿದ ವಾಡೆಯ ಹೆಂಗಸರಿಗೂ ಶಾಮಲಾಬಾಯಿ ಹೀಗೆಯೇ ನನ್ನದು ಎಂದಿದ್ದಳು, ಗೋದಾ ಹೆತ್ತು ಹನ್ನೆರಡೇ ದಿನವಾಗಿದ್ದ ಅವಧೂತನನ್ನು ಎದೆಗೆ ಅವಚಿಕೊಂಡು.