ಎರಡನೇ ಪಿಸ್ತೂಲು

ಸತ್ತವನ ಕೈಯಲ್ಲಿದ್ದ ನಾಡಪಿಸ್ತೂಲಿನ ಹಿಡಿಯ ಮೇಲೆ ಕುಂಕುಮವಿತ್ತು. ಮಹಜರು ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಷಣ್ಮುಖಪ್ಪನ ಪೆನ್ನು ನಿಂತಿತು. ನಿನ್ನೆ ಆಯುಧಪೂಜೆಯಲ್ಲಿ ಠಾಣೆಯ ಬಂದೂಕು, ಪಿಸ್ತೂಲುಗಳಿಗೆಲ್ಲ ಕುಂಕುಮ ಹಚ್ಚಿದವನು ಅವನೇ. ಯಾವುದೋ ಹಳೆಯ ಕೇಸಿನಲ್ಲಿ ಜಪ್ತಿಯಾಗಿ ಬೀರುವಿನಲ್ಲಿ ಬಿದ್ದಿದ್ದ ಈ ನಾಡಪಿಸ್ತೂಲನ್ನೂ, ಇದೂ ಆಯುಧವೇ ತಾನೇ ಎಂದು, ಬಿಟ್ಟಿರಲಿಲ್ಲ.

"ಎಂತ ನೋಡ್ತಿದೀರಿ? ಬರೀರಿ," ಎಂದರು ಸಬ್‌ಇನ್‌ಸ್ಪೆಕ್ಟರ್. ಅವರ ಸೊಂಟದ ಸರ್ವಿಸ್ ಪಿಸ್ತೂಲಿನ ಮೇಲೂ ಅದೇ ಬೊಟ್ಟು. "ಕಾಡಿನ ಮರ ಕಡಿದು ಸಾಗಿಸೋ ನಾಟಾ ಕಳ್ಳ ಸುನಿಲ, ಪಿಸ್ತೂಲು ಅವನ ಕೈಲೇ ಇತ್ತು. ನನಗೆ ಹೊಡೆಯಕ್ಕೆ ಬಂದ, ನಾನು ಹೊಡೆದೆ. ಅಷ್ಟೇ."

ಪಂಚನಾಗಿ ಸಹಿ ಹಾಕಲು ಕರೆತಂದಿದ್ದ ನಿಟ್ಟೂರಿನ ಬಟ್ಟೆ ಅಂಗಡಿಯ ಜಯಕೀರ್ತಿ ಬಗ್ಗಿ ನೋಡಿದರು. "ಹಿಡಿ ಮೇಲೆ ಎಂತ ಸಾರ್ ಅದು, ಕೆಂಪು?"

ಸಬ್‌ಇನ್‌ಸ್ಪೆಕ್ಟರ್ ಆಗಷ್ಟೇ ಅದನ್ನು ಕಂಡರು. ಒರೆಸಲೆಂದು ಜೇಬಿನಿಂದ ಕರವಸ್ತ್ರ ತೆಗೆದು, ಏನಾದರೂ ಹೇಳಿ ಮುಚ್ಚಿಹಾಕು ಎಂಬಂತೆ ಷಣ್ಮುಖಪ್ಪನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವನು ಯಾವ ಸಾಹೇಬರ ಸನ್ನೆಯನ್ನೂ ಮೀರಿದವನಲ್ಲ.

"ರಕ್ತ ಇರ್ಬೇಕು," ಎಂದ ಷಣ್ಮುಖಪ್ಪ. ಸಾಹೇಬರ ಮುಖ ಸಡಿಲಾಯಿತು. ಅವನು ಬರೆಯುತ್ತಲೇ ಗಟ್ಟಿಯಾಗಿ ಓದಿದ: "ಹಿಡಿಯ ಮೇಲೆ ಕೆಂಪು ಕಲೆ ಇದ್ದು, ಅದು ರಕ್ತವೋ ಅಲ್ಲವೋ ಎಂದು ತಿಳಿಯಲು ಪ್ರಯೋಗಾಲಯಕ್ಕೆ ಕಳುಹಿಸತಕ್ಕದ್ದು." ಪೆನ್ನನ್ನು ಜಯಕೀರ್ತಿಯವರತ್ತ ಚಾಚಿದ. "ನೀವು ಕಂಡಿದ್ದು ಇದೇ ಅಲ್ವಾ? ಸೈನ್ ಮಾಡಿ."

ಕರವಸ್ತ್ರ ಸಾಹೇಬರ ಕೈಯಲ್ಲೇ ಉಳಿಯಿತು.