ರೊಟ್ಟಿ ಕಾಸಿದ ಗಡಿಯಾರ

ಗಣಿಯ ಆಳದಲ್ಲಿ ಕಾಲ ಮೇಲಿಗಿಂತ ಬಹಳ ನಿಧಾನವಾಗಿ ಹರಿಯುತ್ತದೆ. ಅದಕ್ಕೇ ಪ್ರತಿ ತಂಡವೂ ಶೀತಲ ಪರಮಾಣು ಗಡಿಯಾರದ ಪೆಟ್ಟಿಗೆಯೊಂದನ್ನು ಹೊತ್ತು ಇಳಿಯುತ್ತದೆ. ಅದರ ಹಸಿರು ದೀಪ ಉರಿಯುವಷ್ಟು ಹೊತ್ತು ಕೆಳಗಿನ ಗಂಟೆಯೂ ಮೇಲಿನ ಗಂಟೆಯೂ ಒಂದೇ.

ಮೊಲೆ ಕುಡಿಯುವ ಮಗಳನ್ನು ಅತ್ತೆಯ ಕೈಗಿಟ್ಟು ಬಂದಿದ್ದ ಹುಲಿಗೆಮ್ಮ ಊಟಕ್ಕೆ ಕೂತಾಗ ನೋಡಿದಳು. ದೀಪ ಆರಿತ್ತು. ಪೆಟ್ಟಿಗೆಯ ಬಿಸಿಗಾಳಿ ಹೊರಹೋಗುವ ಕಿಂಡಿಗಳನ್ನು ಮುಚ್ಚಿ ಬುತ್ತಿಗಂಟು ಕೂತಿತ್ತು.

“ಯಾರ್ದಿದು?”

“ನಂದಕ್ಕಾ,” ಎಂದ ಜೊತೆಗಾರ ದುರುಗಪ್ಪ. “ರೊಟ್ಟಿ ಬೆಚ್ಚಗಾಗ್ಲಿ ಅಂತ ಇಟ್ಟೆ. ದಿನಾ ನೀವೂ ಇಡ್ತೀರಲ್ಲ.”

“ಕಿಂಡಿ ಬಿಟ್ಟು ಇಡ್ತೀವಲೋ, ಮೂಳಾ! ಯಾವಾಗ ಆರೇತಿದು?”

ದುರುಗಪ್ಪ ಗಂಟನ್ನು ಎಳೆದುಕೊಂಡರೂ ದೀಪ ಹೊತ್ತಲಿಲ್ಲ.

ಅವಳು ಗಣಿಯ ಫೋನೆತ್ತಿ ಮನೆಗೆ ಹಚ್ಚಿದಳು.

“ಅತ್ತಿ, ಕೂಸು ಅಳಾಕತ್ತೇತೇನ್ರಿ?”

ಆಚೆಯಿಂದ ಪರಿಚಯವಿಲ್ಲದ, ಪ್ರಾಯಕ್ಕೆ ಬಂದ ಹೆಣ್ಣಿನ ದನಿಯೊಂದು ಮೆಲ್ಲಗೆ ಕೇಳಿತು:

“ಅವ್ವಾ?”